ಗುತ್ತಿ, ಆದವಾನಿಯ ಟಂಕಸಾಲೆಗಳಿಗೆ ಫಲಕ ಬರೆಯುವ ಮುನ್ನ: ಒಂದು ಬಹಿರಂಗ ಪತ್ರ

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಮರಾವತಿ ವೃತ್ತದ ಅಧಿಕಾರಿಗಳಿಗೆ, ಆಂಧ್ರ ಪ್ರದೇಶದ ಪುರಾತತ್ವ ಮತ್ತು ವಸ್ತುಸಂಗ್ರಹಾಲಯ ಇಲಾಖೆಗೆ, ಕರ್ನೂಲು ಮತ್ತು ಅನಂತಪುರ ಜಿಲ್ಲಾಡಳಿತಗಳಿಗೆ,

ಮಾನ್ಯರೇ,

ಗುತ್ತಿ ಬೆಟ್ಟ ಹತ್ತಿದವರಿಗೆ ಎಲ್ಲಕ್ಕಿಂತ ಮೊದಲು ತೋರಿಸುವುದು ಬಂಡೆಯ ಅಂಚಿನಲ್ಲಿರುವ ಪುಟ್ಟ ಮಂಟಪ, ಇಲ್ಲಿನ ಕೋಟೆ ಆಳಿದ ಮರಾಠಾ ಸರದಾರ ಮುರಾರಿ ರಾವ್‌ನ ಗದ್ದುಗೆ. ಅಲ್ಲಿ ಕೂತು ಅವನು ಚದುರಂಗ ಆಡುತ್ತಿದ್ದನಂತೆ, ಉಯ್ಯಾಲೆ ತೂಗಿಕೊಳ್ಳುತ್ತಿದ್ದನಂತೆ. ಕತೆ ಚೆನ್ನಾಗಿದೆ, ಇರಲಿ. ಆದರೆ ಅದೇ ಮುರಾರಿ ರಾವ್ ಘೋರ್ಪಡೆಯ ದಂಡಿಗೆ ಸಂಬಳ ಯಾವ ನಾಣ್ಯದಲ್ಲಿ ಹೋಗುತ್ತಿತ್ತು, ಆ ನಾಣ್ಯ ಹೊಡೆಯುವ ಖರ್ಚು ಯಾರ ತಲೆಗೆ ಬೀಳುತ್ತಿತ್ತು ಎಂಬುದನ್ನು ಬೆಟ್ಟದ ಮೇಲೆ ಯಾರೂ ಹೇಳುವುದಿಲ್ಲ. ನಾಣ್ಯ ಸಂಗ್ರಾಹಕರು ಇವತ್ತಿಗೂ 'ಗುತ್ತಿ ಹೊನ್ನು' ಎಂದು ಕರೆಯುವ ಚಿನ್ನದ ನಾಣ್ಯ ಆ ಊರಿನ ಹೆಸರನ್ನು ಹೊತ್ತುಕೊಂಡಿದೆ. ಊರಿನಲ್ಲಿ ಮಾತ್ರ ಅದರ ಸುದ್ದಿಯಿಲ್ಲ.

ಈ ಗಡಿ ಸೀಮೆಯ ಕನ್ನಡಿಗರು, ಹಳೆಯ ನಾಣ್ಯಗಳನ್ನು ತೂಗಿ ಓದುವ ಅಭ್ಯಾಸ ಇರುವವರು ನಾವು. ನಮ್ಮ ಬೇಡಿಕೆ ದೊಡ್ಡದೇನಲ್ಲ. ಗುತ್ತಿಯಲ್ಲೂ ಆದವಾನಿಯಲ್ಲೂ ನಾಣ್ಯ ಹೊಡೆಯುತ್ತಿದ್ದ ಟಂಕಸಾಲೆ ಕುರಿತು ಫಲಕ ಹಾಕುವುದಾದರೆ, ಅಥವಾ ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಗಾಜಿನ ಪೆಟ್ಟಿಗೆ ಇಡುವುದಾದರೆ, ಅದರಲ್ಲಿ ರಾಜನ ಹೆಸರಿಗಿಂತ ಮೊದಲು ಟಂಕಸಾಲೆಯ ಲೆಕ್ಕಪತ್ರ ಇರಲಿ. ಯಾರು ಲೋಹ ತಂದರು, ಯಾರು ಒರೆಗೆ ಹಚ್ಚಿದರು, ಸರ್ಕಾರ ಎಷ್ಟು ಹಿಡಿದುಕೊಂಡಿತು, ಯಾವ ಕೈಯಲ್ಲಿ ಮೋಸ ನಡೆಯಬಹುದಿತ್ತು ಎಂಬುದು ಇರಲಿ. 'ಚಿನ್ನದ ನಾಣ್ಯ, 18ನೇ ಶತಮಾನ' ಎಂಬ ಚೀಟಿಯಿಂದ ನೋಡುವವನಿಗೆ ಏನೂ ದಕ್ಕುವುದಿಲ್ಲ.

ಮೊದಲು ಊರ ಹೆಸರುಗಳ ಗೊಂದಲ ಬಿಡಿಸಬೇಕು. 1688ರಲ್ಲಿ ಬಿಜಾಪುರದ ಸರದಾರ ಸಿದ್ದಿ ಮಸೂದ್ ಕೈಯಿಂದ ಆದವಾನಿ ಔರಂಗಜೇಬನ ಕಡೆಯವರಿಗೆ ಹೋಯಿತು. ಊರಿಗೆ ಇಮ್ತಿಯಾಜ್‌ಗಢ ಎಂದು ಹೊಸ ಹೆಸರಿಟ್ಟರು, ನಾಣ್ಯದ ಮೇಲೂ ಅದೇ ಹೆಸರು ಬಂತು. ಗುತ್ತಿ 1776ರಲ್ಲಿ ಹೈದರಾಲಿಗೆ ಶರಣಾಯಿತು, ಟಿಪ್ಪುವಿನ ಕಾಲದಲ್ಲಿ ಫೈಜ್ ಹಿಸಾರ್ ಆಯಿತು. ಆನೆಯ ಚಿತ್ರದ ತಾಮ್ರದ ಪೈಸೆಯ ಮೇಲೆ ಈ ಹೆಸರು ಸಿಗುತ್ತದೆ. ಗುರ್ರಂಕೊಂಡ ಜಫರಾಬಾದ್ ಆಯಿತು. ಹೀಗಾಗಿ ನಮ್ಮ ಊರಿನ ನಾಣ್ಯ ನಮ್ಮ ಊರಿನವರ ಕೈಯಲ್ಲೇ ಇದ್ದರೂ ಅದು ಯಾವುದೋ ದೂರದ ದೇಶದ್ದೆಂದು ಅವರು ತಿಳಿಯುವುದುಂಟು. ಫಲಕದಲ್ಲಿ ಎರಡೂ ಹೆಸರು ಅಕ್ಕಪಕ್ಕ ಬರೆಯಿರಿ. ಇದಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಮಾತು, ಇದು ನಮಗೆ ತುಸು ಹೆಮ್ಮೆಯದು. ಮೊಘಲರು ಉತ್ತರದಲ್ಲೆಲ್ಲ ಚಿನ್ನದಲ್ಲಿ ಮೊಹರು, ಬೆಳ್ಳಿಯಲ್ಲಿ ರೂಪಾಯಿ ಹೊಡೆದವರು. ಇಲ್ಲಿಗೆ ಬಂದ ಮೇಲೆ ಸುಮಾರು 3.4 ಗ್ರಾಮಿನ ಪುಟ್ಟ ಚಿನ್ನದ ವರಹವನ್ನೂ, ಅಂದರೆ ಹೊನ್ನನ್ನೂ, ಹೊಡೆಯಬೇಕಾಯಿತು. ಮೊಘಲ್ ಬಾದಶಹರಾದ ಫರೂಖ್‌ಸಿಯರ್, ಮುಹಮ್ಮದ್ ಶಾ ಹೆಸರಿನ ಇಮ್ತಿಯಾಜ್‌ಗಢದ ಹೊನ್ನುಗಳು ಇದಕ್ಕೆ ಸಾಕ್ಷಿ. ಕಾರಣ ಸರಳ. ಕಂದಾಯ, ಗುತ್ತಿಗೆ, ಸಾಲಪತ್ರ ಎಲ್ಲವೂ ವಿಜಯನಗರದ ಕಾಲದಿಂದ ವರಹದಲ್ಲೇ ನಡೆದಿದ್ದವು. ರೈತನೂ, ನಾಣ್ಯ ಪರೀಕ್ಷಿಸಿ ಬದಲಿಸಿಕೊಡುವ ಚಿನಿವಾರನೂ ಒಪ್ಪದ ನಾಣ್ಯವನ್ನು ಬಾದಶಹ ಹೊಡೆಸಿದರೂ ಅದು ಬಟ್ಟಾ, ಅಂದರೆ ಬೆಲೆಯ ಕಡಿತ, ಕಟ್ಟಿಕೊಂಡೇ ನಡೆಯಬೇಕು. ಫಾರಸಿ ಕಾಗದಗಳಲ್ಲಿ ಬರುವ 'ಹೂನ್' ನಮ್ಮ 'ಹೊನ್ನು'. ಆ ಪದ ಫಲಕದಲ್ಲಿ ಕನ್ನಡ ಲಿಪಿಯಲ್ಲೇ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಈಗ ಆಡಳಿತದ ವಿಷಯ.

ಟಂಕಸಾಲೆ ಎಂದೊಡನೆ ಜನ ಖಜಾನೆಯನ್ನು ನೆನೆಯುತ್ತಾರೆ: ಅರಸನ ಚಿನ್ನ ಒಳಗೆ ಹೋಗುತ್ತದೆ, ಅರಸನ ನಾಣ್ಯ ಹೊರಗೆ ಬರುತ್ತದೆ. ಇದು ಅರ್ಧ ನಿಜ. ವಿಜಯನಗರದಲ್ಲಿ ಅದು ಬಹುಮಟ್ಟಿಗೆ ಹೀಗೆಯೇ ಇತ್ತು. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದಿಟ್ಟ ಪ್ರಕಾರ ಪ್ರಾಂತಗಳೆಲ್ಲ ಗೊತ್ತಾದ ಅವಧಿಗೆ ತಮ್ಮ ಚಿನ್ನವನ್ನು ಟಂಕಸಾಲೆಗೆ ತಂದು ಒಪ್ಪಿಸುತ್ತಿದ್ದವು. ದಿವಾನರ ಕಚೇರಿಯಿಂದ ಯಾರಿಗಾದರೂ ಹಣ ಮಂಜೂರಾದರೆ ಅದು ಟಂಕಸಾಲೆಯಿಂದಲೇ ಪಾವತಿ. ಸೈನಿಕರಿಗೆ 4 ತಿಂಗಳಿಗೊಮ್ಮೆ ಸಂಬಳ. ಪ್ರಾಂತದ ಕಂದಾಯದ ಮೇಲೆ ನೇರವಾಗಿ ಬರೆದುಕೊಡುವ ಪದ್ಧತಿ ಇಲ್ಲ. ಅಂದರೆ ಟಂಕಸಾಲೆಯೇ ಸಂಬಳದ ಕಚೇರಿ ಕೂಡ. ಚಿಲ್ಲರೆಯ ಲೆಕ್ಕವನ್ನೂ ಅವನು ಬಿಟ್ಟಿಲ್ಲ: ಬೆಳ್ಳಿಯ ತಾರವು 'ಹಣ' ಎಂಬ ಪುಟ್ಟ ಚಿನ್ನದ ನಾಣ್ಯದ ಆರನೇ ಒಂದು ಪಾಲು, ತಾಮ್ರದ ಜೀತಲ ತಾರದ ಮೂರನೇ ಒಂದು ಪಾಲು. ಇಮ್ಮಡಿ ದೇವರಾಯನ ದಂಡನಾಯಕ ಲಕ್ಕಣ್ಣನ ಹೆಸರು ಹೊತ್ತ ತಾಮ್ರದ ನಾಣ್ಯಗಳು ಸಿಕ್ಕಿರುವುದು ಆ ಕಾಲದಲ್ಲಿ ಟಂಕಸಾಲೆಯ ಅಧಿಕಾರ ಎಷ್ಟು ಮೇಲ್ಮಟ್ಟದವರ ಕೈಗೆ ಹೋಗಬಹುದಿತ್ತು ಎಂಬುದನ್ನು ತೋರಿಸುತ್ತದೆ.

ಮೊಘಲರ ಪದ್ಧತಿ ಬೇರೆ. ಅಲ್ಲಿ ಟಂಕಸಾಲೆಯ ಬಾಗಿಲು ಸಾಹುಕಾರನಿಗೆ ತೆರೆದಿತ್ತು. ಯಾರು ಬೇಕಾದರೂ ಬೆಳ್ಳಿ, ಬಂಗಾರ, ಹಳೆಯ ನಾಣ್ಯ ತಂದು ಕೊಟ್ಟು, ಕೂಲಿ ಮತ್ತು ಸುಂಕ ಕಳೆದು ಹೊಸ ನಾಣ್ಯ ಒಯ್ಯಬಹುದು. ಬೆಳ್ಳಿಯ ಮೇಲೆ ಎಲ್ಲ ಸೇರಿ ಸುಮಾರು ನೂರಕ್ಕೆ 5ರಿಂದ 6 ಕಳೆಯುತ್ತಿತ್ತು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಟಂಕಸಾಲೆಯ ಖರ್ಚು ನಡೆದದ್ದು ಈ ದುಡ್ಡಿನಿಂದ. ಅರಸ ಕೈಯಿಂದ ಹಾಕಿ ನಡೆಸುವ ಧರ್ಮಛತ್ರ ಅದಾಗಿರಲಿಲ್ಲ. ಬಾಗಿಲಿಗೆ ಲೋಹ ಬರದಿದ್ದರೆ ಕುಲುಮೆ ತಣ್ಣಗಾಗುತ್ತಿತ್ತು. ಹಾಗಾಗಿ ದೊಡ್ಡ ಟಂಕಸಾಲೆಗಳು ಬಂದರಿನಲ್ಲಿ, ಸಂತೆ ಪೇಟೆಯಲ್ಲಿ, ಇಲ್ಲವೇ ದಂಡು ಬೀಡುಬಿಟ್ಟ ಕೋಟೆಯಲ್ಲಿ ಇರುತ್ತಿದ್ದವು. ಆದವಾನಿ ಕೋಟೆಯೂ ಹೌದು, ಪೇಟೆಯೂ ಹೌದು.

ಒಳಗಿನ ನೌಕರರ ಪಟ್ಟಿ ಅಕ್ಬರನ ಕಾಲದ ಆಡಳಿತ ಕೈಪಿಡಿ ಆಯಿನೆ ಅಕ್ಬರಿಯಲ್ಲಿ ಬಹಳ ಸ್ಪಷ್ಟವಾಗಿದೆ. ಮೇಲೆ ದರೋಗಾ. ಲೋಹದ ಮಟ್ಟ, ಅಂದರೆ ಶುದ್ಧತೆ, ಹೇಳುವವ ಸರಾಫ. ತಕರಾರು ಬಂದರೆ ಎರಡೂ ಕಡೆಯವರು ನಂಬುವಂಥವನಾಗಿ ಅಮೀನ. ದಿನದ ಲೆಕ್ಕ ಬರೆಯುವವ ಮುಶ್ರಿಫ. ಆಮೇಲೆ ಖಜಾಂಚಿ, ತ್ರಾಸು ಹಿಡಿಯುವವ, ಕರಗಿಸುವವರು, ತಗಡು ಮಾಡುವವರು, ಬಿಲ್ಲೆ ಕತ್ತರಿಸುವವರು, ಅಚ್ಚು ಕೊರೆಯುವವ, ಅಚ್ಚು ಹಿಡಿದು ಕೂರುವವ, ಸುತ್ತಿಗೆ ಬೀಸುವವ. ಕೊನೆಗೆ ಬೂದಿ ತೊಳೆಯುವ ಜಲಗಾರ. ಅಕ್ಬರನ ಟಂಕಸಾಲೆಯ ಈ ಪಟ್ಟಿಯನ್ನು ಆದವಾನಿಗೆ ಹಾಗೆಯೇ ಅಂಟಿಸಿಬಿಡಬೇಡಿ. ಸಣ್ಣ ಕೋಟೆಯಲ್ಲಿ ಒಬ್ಬನೇ ನಾಲ್ಕು ಕೆಲಸ ಮಾಡುವುದು ಸಹಜ. ಆದರೆ ಪಟ್ಟಿಯ ಹಿಂದಿನ ವಿಚಾರವನ್ನು ಫಲಕದಲ್ಲಿ ತಪ್ಪದೆ ಹೇಳಿ: ಮಟ್ಟ ಹೇಳುವವ ಬೇರೆ, ತೂಗುವವ ಬೇರೆ, ಬರೆಯುವವ ಬೇರೆ, ಬೀಗದ ಕೈ ಇರುವವ ಬೇರೆ. ಕೆಲಸಗಾರರಲ್ಲಿ ಬಹುಪಾಲು ಜನಕ್ಕೆ ತಿಂಗಳ ಸಂಬಳ ಇಲ್ಲ, ಇಷ್ಟು ನಾಣ್ಯಕ್ಕೆ ಇಷ್ಟು ಎಂದು ಎಣಿಕೆಯ ಕೂಲಿ. ಲೋಹ ಬಾರದ ದಿನ ಸರ್ಕಾರದ ಮೇಲೆ ಭಾರವೂ ಬಾರದು. ಕೂಲಿಯವನ ಮನೆಯಲ್ಲಿ ಒಲೆ ಉರಿಯುತ್ತಿತ್ತೋ ಇಲ್ಲವೋ, ಆ ಲೆಕ್ಕ ಯಾವ ಕೈಪಿಡಿಯಲ್ಲೂ ಇಲ್ಲ.

ಇಲ್ಲಿಂದ ಮುಂದಿನದು ನಮ್ಮ ಪತ್ರದ ತಿರುಳು.

18ನೇ ಶತಮಾನದಲ್ಲಿ ದೊಡ್ಡ ಸರ್ಕಾರಗಳು ಸಡಿಲಾದಂತೆ ಟಂಕಸಾಲೆಯನ್ನು ಇಜಾರಕ್ಕೆ ಕೊಡುವುದು ರೂಢಿಯಾಯಿತು. ಸುಂಕದ ಕಟ್ಟೆಯನ್ನು, ಹೆಂಡದ ಗುತ್ತಿಗೆಯನ್ನು ಕೊಡುವ ಹಾಗೆ ವರ್ಷಕ್ಕಿಷ್ಟು ಎಂದು ಹಿಡಿದು ಒಬ್ಬನಿಗೆ ಬಿಟ್ಟುಕೊಡುವುದು. ಸರ್ಕಾರಕ್ಕೆ ಮುಂಗಡ ದುಡ್ಡು ಬಂತು, ತಲೆನೋವು ಹೋಯಿತು. ಏನು ಕೆಡುತ್ತದೆ ಎಂಬುದನ್ನು ಧಾರವಾಡ ಸೀಮೆ ತೋರಿಸಿಕೊಟ್ಟಿದೆ. ಅಲ್ಲಿ ಜಮೀನ್ದಾರರು ತಮ್ಮ ತಮ್ಮ ಕಡೆ ಟಂಕಸಾಲೆ ಇಟ್ಟುಕೊಂಡು ಬೆರಕೆ ನಾಣ್ಯ ಹೊಡೆದದ್ದರಿಂದ ಪೇಶ್ವೆ ಸರ್ಕಾರ 1765ರಲ್ಲಿ ಅಂಥ 21 ಟಂಕಸಾಲೆ ಮುಚ್ಚಿಸಿ ಧಾರವಾಡದಲ್ಲಿ ಒಂದೇ ಟಂಕಸಾಲೆ ಇಟ್ಟು ಪಾಂಡುರಂಗ ಮುರಾರ್ ಎಂಬವನಿಗೆ ವಹಿಸಿತು. ಹೊನ್ನಿನ ತೂಕ ಹಳೆಯ ಅಳತೆಯಲ್ಲಿ ಮೂರೂವರೆ ಮಾಷ. ಪ್ರತಿ 1000 ನಾಣ್ಯಕ್ಕೆ 6 ಸರ್ಕಾರದ ಪಾಲು.

ಈ ಸಾವಿರಕ್ಕೆ ಆರು ಎಂಬ ದರವನ್ನೇ ಹಿಡಿದು, 3.4 ಗ್ರಾಮಿನ ವರಹಕ್ಕೆ ಹಚ್ಚಿ ಒಂದು ಲೆಕ್ಕ ಹಾಕೋಣ. 1000 ವರಹಕ್ಕೆ ಬೇಕಾದ ಲೋಹ 3.4 ಕಿಲೋ. ಸರ್ಕಾರದ 6 ವರಹ ಅಂದರೆ 20.4 ಗ್ರಾಮು. ಈಗ ಗುತ್ತಿಗೆ ಹಿಡಿದವ ನೂರಕ್ಕೆ ಬರೀ ಒಂದು ಪಾಲು ಚಿನ್ನ ತೆಗೆದು ತಾಮ್ರ ಸೇರಿಸಿದ ಎನ್ನಿ. ಅವನ ಜೇಬಿಗೆ ಬಿದ್ದದ್ದು 34 ಗ್ರಾಮು, ಅಂದರೆ 10 ವರಹ. ನ್ಯಾಯವಾಗಿ ಸರ್ಕಾರಕ್ಕೆ ಸಿಗುವ 6ಕ್ಕಿಂತ ಕದ್ದದ್ದೇ ಹೆಚ್ಚು. ನೂರಕ್ಕೆ ಒಂದು ಬೆರಕೆಯನ್ನು ಕಣ್ಣು ಹಿಡಿಯುವುದಿಲ್ಲ, ಒರೆಗಲ್ಲಿನ ಮೇಲೂ ಬಹಳ ಪಳಗಿದವ ಮಾತ್ರ ಅನುಮಾನ ಪಟ್ಟಾನು. ಅದಕ್ಕೇ ಮಟ್ಟ ನೋಡುವವನ ಸಂಬಳ ಗುತ್ತಿಗೆದಾರನ ಕೈಯಿಂದ ಬರಬಾರದು. ಟಂಕಸಾಲೆ ನಾಣ್ಯಸ್ಥವಾಗಿ ಉಳಿಯುವುದೋ ಹಾಳಾಗುವುದೋ ಈ ಒಂದು ಏರ್ಪಾಡಿನಿಂದ. ಈ ಲೆಕ್ಕ ಐದನೇ ಇಯತ್ತೆಯ ಮಗುವಿಗೂ ತಿಳಿಯುತ್ತದೆ. ಅಮರಾಪುರಂ, ಮಡಕಶಿರಾ, ಡಿ. ಹಿರೇಹಾಳ ಕಡೆಯ ಕನ್ನಡ ಶಾಲೆಯ ಮಕ್ಕಳು ಪ್ರವಾಸ ಬಂದಾಗ ನೋಡಲಿ ಎಂದೇ ಕೇಳುತ್ತಿದ್ದೇವೆ.

ಆದಾಯದ ಇನ್ನೊಂದು ದಾರಿ ಬಟ್ಟಾ. ಹೊಸ ವರ್ಷದ ನಾಣ್ಯಕ್ಕೆ ಪೂರ್ತಿ ಬೆಲೆ, ಹಳೆಯ ವರ್ಷದ್ದಕ್ಕೆ ಅದು ಸವೆಯದಿದ್ದರೂ ಕಡಿತ. ಬಂಗಾಳದಲ್ಲಿ ಎರಡನೇ ವರ್ಷಕ್ಕೆ ನೂರಕ್ಕೆ 3, ಮೂರನೇ ವರ್ಷದಿಂದ 5 ಕಡಿತದ ರೂಢಿ ಇತ್ತು. ಕಡಿತ ತಪ್ಪಿಸಿಕೊಳ್ಳಲು ಜನ ಹಳೆಯ ನಾಣ್ಯವನ್ನು ಮತ್ತೆ ಟಂಕಸಾಲೆಗೆ ತರುತ್ತಾರೆ, ಟಂಕಸಾಲೆಗೆ ಮತ್ತೆ ಸುಂಕ. ಇಸವಿ ಹಾಕುವುದರ ಹಿಂದೆ ಇಷ್ಟು ವ್ಯಾಪಾರ ಇದೆ. ನಮ್ಮ ವರಹ, ಹಣಗಳಲ್ಲಿ ಬಹುಪಾಲಿಗೆ ಇಸವಿಯೇ ಇಲ್ಲ. ಅಲ್ಲಿ ತೂಕ, ಮಟ್ಟ, ಯಾವ ಟಂಕಸಾಲೆಯದು ಎಂಬುದರ ಮೇಲೆ ಚಿನಿವಾರರು ಬಟ್ಟಾ ಕಟ್ಟುತ್ತಿದ್ದರು. ಮೈಸೂರಿನಲ್ಲಂತೂ ಕಂಠೀರಾಯಿ ವರಹ ಎಂಬುದು ಬರೀ ಕಾಗದದ ಮೇಲಿನ ಲೆಕ್ಕ. ಕೈಯಲ್ಲಿ ಓಡಾಡುತ್ತಿದ್ದದ್ದು ಪುಟ್ಟ ಕಂಠೀರಾಯಿ ಹಣ, ಹತ್ತು ಸೇರಿದರೆ ಒಂದು ವರಹ ಎಂದು ಬರೆದುಕೊಳ್ಳುವುದು. ಕಡತದ ನಾಣ್ಯವೂ ಕೈಯ ನಾಣ್ಯವೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಫಲಕ ಬರೆಯುವವರು ಮರೆತರೆ ಕೆಳಗಿನ ಅಂಕಿಗಳೆಲ್ಲ ತಪ್ಪುತ್ತವೆ.

ಕೆಲಸದ ಕ್ರಮ ತೋರಿಸುವುದಾದರೆ ಹೀಗೆ ತೋರಿಸಿ. ಬಂದ ಲೋಹವನ್ನು ಮೊದಲು ಒರೆಗೆ ಹಚ್ಚುತ್ತಾರೆ. ಮಟ್ಟ ಗೊತ್ತಿರುವ ಮಾದರಿ ಕಡ್ಡಿಗಳ ಗೆರೆಯನ್ನು ಪಕ್ಕದಲ್ಲೇ ಎಳೆದು ಬಣ್ಣ ಹೋಲಿಸುತ್ತಾರೆ. ಮಟ್ಟ ಕಡಿಮೆ ಇದ್ದರೆ ಶುದ್ಧಿ. ಬೆಳ್ಳಿಗೆ ಸೀಸ ಸೇರಿಸಿ ಮೂಳೆ ಬೂದಿಯ ಹಾಸಿನ ಮೇಲೆ ಗಾಳಿ ಊದಿ ಕಾಯಿಸಿದರೆ ಸೀಸವು ತಾಮ್ರವನ್ನೂ ಕರೆದುಕೊಂಡು ಬೂದಿಗೆ ಇಳಿಯುತ್ತದೆ, ಬೆಳ್ಳಿ ಮೇಲೆ ಉಳಿಯುತ್ತದೆ. ಚಿನ್ನದಲ್ಲಿ ಬೆಳ್ಳಿ ಬೆರೆತಿದ್ದರೆ ಈ ಉಪಾಯ ನಡೆಯದು. ಚಿನ್ನವನ್ನು ತೆಳ್ಳಗೆ ತಟ್ಟಿ, ಉಪ್ಪು ಮತ್ತು ಇಟ್ಟಿಗೆ ಪುಡಿಯ ನಡುವೆ ಪದರ ಪದರವಾಗಿ ಇಟ್ಟು ಬೆರಣಿಯ ಹದವಾದ ಬೆಂಕಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಚಿನ್ನ ಕರಗಬಾರದು, ಕರಗಿದರೆ ಆ ಪುಟ ಕೆಟ್ಟಿತು. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಇಟ್ಟಿಗೆ ಪುಡಿ ಅದನ್ನು ಹೀರಿಕೊಳ್ಳುತ್ತದೆ. ಬೇಕಾದ ಮಟ್ಟ ಬರುವ ತನಕ ಪುಟದ ಮೇಲೆ ಪುಟ. ನಾವು ದಿನಾ ಆಡುವ 'ಪುಟಕ್ಕಿಟ್ಟ ಚಿನ್ನ' ಇದೇ.

ಶುದ್ಧವಾದದ್ದನ್ನು ಮೂಸೆಯಲ್ಲಿ ಕರಗಿಸಿ ಕಡ್ಡಿ ಎರಕ ಹೊಯ್ದು, ತಟ್ಟಿ, ತುಂಡು ಮಾಡಿ, ಒಂದೊಂದನ್ನೂ ತೂಗುತ್ತಾರೆ. ಹೆಚ್ಚಾದರೆ ಅರದಿಂದ ಉಜ್ಜು, ಕಡಿಮೆಯಾದರೆ ಮತ್ತೆ ಮೂಸೆಗೆ. ಚಿನ್ನದಲ್ಲಿ ಪ್ರತಿ ಬಿಲ್ಲೆಯ ತೂಕ ಮುಖ್ಯ. ತಾಮ್ರದಲ್ಲಿ ಒಟ್ಟು ರಾಶಿಯ ತೂಕಕ್ಕೆ ಎಣಿಕೆ ಸರಿಹೋದರೆ ಸಾಕು, ಹಾಗಾಗಿ ಒಂದೇ ಬಗೆಯ ಎರಡು ಪೈಸೆಗಳ ತೂಕ ಬೇರೆ ಬೇರೆ ಬರುವುದುಂಟು. ಅದನ್ನು ನೋಡಿ ನಕಲಿ ಎಂದು ಬರೆಯಬೇಡಿ. 0.34 ಗ್ರಾಮಿನಷ್ಟಿರುವ ಹಣಕ್ಕೆ ಇನ್ನೂ ಸುಲಭದ ದಾರಿ ಇದೆ. ತೂಗಿದ ಚೂರನ್ನು ಇದ್ದಿಲಿನ ಗುಳಿಯಲ್ಲಿ ಕರಗಿಸಿದರೆ ತಾನೇ ದುಂಡಗಾಗುತ್ತದೆ, ಆ ಗುಂಡನ್ನು ಅಚ್ಚಿನ ನಡುವೆ ಇಟ್ಟು ಒಂದೇಟು.

ಅಚ್ಚಿನ ಕೆಳಭಾಗ ಅಡಿಗಲ್ಲಿಗೋ ಮರದ ದಿಮ್ಮಿಗೋ ಕಚ್ಚಿಕೊಂಡಿರುತ್ತದೆ, ಮೇಲಿನದು ಕೈಯಲ್ಲಿ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬರಹ ಪೂರ್ತಿ ಕೂರುವುದೇ ಇಲ್ಲ. ಇಮ್ತಿಯಾಜ್‌ಗಢ ಎಂಬ ಉದ್ದದ ಹೆಸರು ಹೊನ್ನಿನ ಮೇಲೆ ತುಂಡು ತುಂಡಾಗಿ ಸಿಗುವುದು ಇದರಿಂದಲೇ. ನಾಲ್ಕೈದು ನಾಣ್ಯ ಒಟ್ಟಿಗೆ ಇಟ್ಟುಕೊಂಡು ಓದಿದರೆ ಪೂರ್ತಿ ಅಚ್ಚು ಕಣ್ಣಿಗೆ ಬರುತ್ತದೆ. ಪ್ರದರ್ಶನದಲ್ಲೂ ಒಂದೇ ನಾಣ್ಯದ ಬದಲು ನಾಲ್ಕನ್ನು ಇಟ್ಟು ಪಕ್ಕದಲ್ಲಿ ಪೂರ್ತಿ ಬರಹದ ಚಿತ್ರ ಬರೆಸಿ. ಹೊಡೆತದ ತಪ್ಪುಗಳನ್ನೂ ಇಡಿ, ಜನ ಅವನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಹಿಂದಿನ ನಾಣ್ಯ ಮೇಲಿನ ಅಚ್ಚಿಗೆ ಅಂಟಿಕೊಂಡಿದ್ದಾಗ ಗಮನಿಸದೆ ಮುಂದಿನದನ್ನು ಹೊಡೆದರೆ ಒಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಒಳಗುಳಿಯಾಗಿ ಮೂಡುತ್ತದೆ. ಏಟು ಜಾರಿದರೆ ಎರಡು ಅಚ್ಚು ಒಂದರ ಮೇಲೊಂದು. ಬಿಲ್ಲೆಯನ್ನು ಸರಿಯಾಗಿ ಕಾಯಿಸಿ ಮೆದುವಾಗಿಸದೆ ಹೊಡೆದರೆ ಅಂಚು ಸೀಳುತ್ತದೆ. ಚಿನ್ನದಲ್ಲಿ ಸೀಸದ ಅಂಶ ತುಸು ಉಳಿದಿದ್ದರೂ ಅದು ಗಡುಸಾಗಿ ಬಿರಿಯುತ್ತದೆ. ಬಿರಿದ ಅಂಚು ಎಂದರೆ ಶುದ್ಧಿಯ ಕೋಣೆಯಲ್ಲೋ ಕಾಯಿಸುವ ಒಲೆಯಲ್ಲೋ ಯಾರೋ ಅವಸರ ಮಾಡಿದ್ದಾರೆ ಎಂದರ್ಥ.

ಟಿಪ್ಪುವಿನ ನಾಣ್ಯಗಳ ಇಸವಿ ಬಗ್ಗೆ ಒಂದು ಎಚ್ಚರಿಕೆ, ಏಕೆಂದರೆ ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ಇಲ್ಲೇ. ಅವನು ಮೊದಲು ಹಿಜರಿ ಇಸವಿ ಹಾಕಿಸಿದ, 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಗೆ ಹೋದ. ಅದರ 1215 ಅಂದರೆ 1787ರ ಆಸುಪಾಸು. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಮೌಲೂದಿ 1218ನ್ನು ಹಿಜರಿ ಎಂದು ತಿಳಿದು ಕ್ರಿಸ್ತಶಕಕ್ಕೆ ತಿರುಗಿಸಿದರೆ 1803 ಬರುತ್ತದೆ. 1799ರ ಮೇ 4ರಂದು ತೀರಿಕೊಂಡವನು 1803ರಲ್ಲಿ ನಾಣ್ಯ ಹೊಡೆಸಿದ ಎಂದು ಫಲಕ ಹೇಳಿದರೆ ನಗುವವರು ಮಕ್ಕಳೇ. ನಾಣ್ಯದ ಹೆಸರುಗಳೂ ಅವನದೇ: ಚಿನ್ನದಲ್ಲಿ ನಾಲ್ಕು ವರಹದ ತೂಕದ ಅಹ್ಮದಿ, ಎರಡರ ಸಿದ್ದಿಕಿ, ಒಂದರ ಫಾರೂಕಿ, ಹಣಕ್ಕೆ ರಾಹತಿ. ಬೆಳ್ಳಿಯಲ್ಲಿ ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ. ತಾಮ್ರದ ಪೈಸೆಗೆ ಶುಕ್ರ ಗ್ರಹದ ಹೆಸರು, ಜೊಹ್ರಾ. ಇವೆಲ್ಲ ಎಲ್ಲ ಟಂಕಸಾಲೆಯಲ್ಲೂ ಹೊಡೆದವಲ್ಲ. ಫೈಜ್ ಹಿಸಾರದ ಪೆಟ್ಟಿಗೆಯಲ್ಲಿ ಆ ಹೆಸರು ಇರುವ ನಾಣ್ಯವನ್ನಷ್ಟೇ ಇಡಿ. ಶ್ರೀರಂಗಪಟ್ಟಣದ ಹೈದರಿ ತಂದಿಟ್ಟು ಗುತ್ತಿಯದೆಂದು ಹೇಳುವುದು ಬೇಡ.

ಸಂಗ್ರಹದಲ್ಲಿರುವ ನಾಣ್ಯಗಳ ಮಟ್ಟ ಪರೀಕ್ಷಿಸುವುದಿದ್ದರೆ ಅರ ಹಾಕಬೇಡಿ, ಒರೆಗಲ್ಲಿಗೂ ಉಜ್ಜಬೇಡಿ. ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಿ ಸಾಂದ್ರತೆ ತೆಗೆಯಬಹುದು. 3.40 ಗ್ರಾಮಿನ ಶುದ್ಧ ಚಿನ್ನ ನೀರಿನಲ್ಲಿ 0.176 ಗ್ರಾಮು ಕಳೆದುಕೊಳ್ಳುತ್ತದೆ. 0.19 ಕಳೆದರೆ ಸಾಂದ್ರತೆ 17.9, ಬೆರಕೆ ಇದೆ. ಚಿನ್ನದ ಜೊತೆ ಬೆಳ್ಳಿ, ತಾಮ್ರ ಎರಡೂ ಇದ್ದರೆ ಎಷ್ಟೆಷ್ಟು ಎಂದು ಈ ಒಂದೇ ಅಂಕಿಯಿಂದ ಹೇಳಲಾಗದು. ಪುಟ್ಟ ಹಣಕ್ಕಂತೂ ಈ ವಿಧಾನ ಒಂಟಿಯಾಗಿ ನಡೆಯದು. ಅದು ನೀರಿನಲ್ಲಿ ಕಳೆದುಕೊಳ್ಳುವುದೇ 0.02 ಗ್ರಾಮು. ತ್ರಾಸಿನಲ್ಲಿ ಒಂದು ಮಿಲಿಗ್ರಾಮು ಆಚೀಚೆಯಾದರೆ ನೂರಕ್ಕೆ 5 ತಪ್ಪು. ಒಂದೇ ಬಗೆಯ 20 ಹಣ ಸೇರಿಸಿ ತೂಗಿ, ಸರಾಸರಿ ಸಿಗುತ್ತದೆ. ಎಕ್ಸ್‌ರೇ ಯಂತ್ರ ಮೇಲ್ಮೈಯನ್ನು ಮಾತ್ರ ಓದುತ್ತದೆ. ಮಣ್ಣಿನಲ್ಲಿ ಶತಮಾನ ಕಳೆದ ಚಿನ್ನದ ಮೇಲ್ಪದರದಿಂದ ತಾಮ್ರ, ಬೆಳ್ಳಿ ಕರಗಿಹೋಗಿ ಒಳಗಿಗಿಂತ ಹೊರಗೇ ಮಟ್ಟ ಹೆಚ್ಚು ತೋರುತ್ತದೆ. ಯಂತ್ರ ಹೇಳಿತೆಂದು ಅದನ್ನೇ ಟಂಕಸಾಲೆಯ ಮಟ್ಟವೆಂದು ಅಚ್ಚು ಹಾಕಿಸಬೇಡಿ. ತಾಮ್ರದ ಪೈಸೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವ ಉತ್ಸಾಹವನ್ನೂ ದಯವಿಟ್ಟು ತಡೆಯಿರಿ. ಹಸಿರು ಹೊರಪೊರೆಯ ಜೊತೆಗೆ ಅಕ್ಷರವೂ ಹೋಗುತ್ತದೆ.

ಕೋಟೆಯೊಳಗೆ ದುರಸ್ತಿಗೆ ಮಣ್ಣು ಅಗೆಯುವಾಗಲೂ ಒಂದು ಮಾತು ನೆನಪಿರಲಿ. ಟಂಕಸಾಲೆ ಇದ್ದ ಜಾಗದ ಗುರುತು ಗೋಡೆಯಲ್ಲಿ ಸಿಗುವುದು ಅಪರೂಪ. ಮೂಸೆಯ ಚೂರು, ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ, ಹಳದಿ ಮಿಶ್ರಿತ ಭಾರವಾದ ಸೀಸದ ಹೆಂಟೆ, ತಾಮ್ರದ ಹನಿ, ಮೂಳೆ ಬೂದಿ, ಇವು ಒಂದೇ ಕಡೆ ಕಂಡರೆ ಕೆಲಸ ನಿಲ್ಲಿಸಿ ಮಣ್ಣನ್ನು ಜರಡಿ ಹಿಡಿಯಿರಿ. ಚಿನ್ನ ಸಿಗುವ ಆಸೆ ಬೇಡ. ಜಲಗಾರ ಬೂದಿಯನ್ನು ಕೊನೆಯ ಕಣದವರೆಗೆ ತೊಳೆದೇ ಹೋಗಿರುತ್ತಾನೆ, ಅದೇ ಅವನ ಜೀವನ. ಇಂಥ ಗುರುತು ಸಿಗುವವರೆಗೆ 'ಇಲ್ಲೇ ಟಂಕಸಾಲೆ ಇತ್ತು' ಎಂದು ಯಾವ ಪಾಳುಗೋಡೆಗೂ ಬೋರ್ಡು ಹೊಡೆಯಬೇಡಿ.

ಜಿಲ್ಲಾಡಳಿತಕ್ಕೆ ಪ್ರತ್ಯೇಕವಾಗಿ: ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ, ವಜ್ರಕರೂರು ಹೊಲಗಳಲ್ಲಿ ವಜ್ರ ಹುಡುಕಲು ಜನ ಸಾಲುಗಟ್ಟುತ್ತಾರೆ. ಹಾಗೆ ನೆಲ ನೋಡುತ್ತ ನಡೆಯುವವರ ಕಣ್ಣಿಗೆ ಹಣವೋ ವರಹವೋ ಬಿದ್ದರೆ ಅದು ನೇರ ಮೂಸೆಗೆ ಹೋಗುವ ಭಯ ನಮಗಿದೆ. 1878ರ ನಿಧಿ ಕಾಯ್ದೆಯಲ್ಲಿ ಸಿಕ್ಕವರಿಗೂ ಪಾಲುಂಟು ಎಂಬುದು ಹಳ್ಳಿಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಏನು, ಎಷ್ಟು, ಎಲ್ಲಿ, ಯಾವತ್ತು ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕು. ಒಡೆಯ ಯಾರೂ ಇಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದ ಇಲ್ಲದಲ್ಲಿ, ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಸರ್ಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ಮುಚ್ಚಿಟ್ಟರೆ ಪಾಲೂ ಹೋಯಿತು, ಜೈಲೂ ಉಂಟು. ಇದನ್ನು ತೆಲುಗಿನಲ್ಲೂ ಕನ್ನಡದಲ್ಲೂ ಒಂದು ಪುಟ ಅಚ್ಚು ಹಾಕಿಸಿ ಮೇ ತಿಂಗಳ ಕೊನೆಗೆ ಗ್ರಾಮ ಸಚಿವಾಲಯಗಳಲ್ಲಿ ಅಂಟಿಸಿ. ಅಗಸೆಕಟ್ಟೆಯಲ್ಲಿ ಒಬ್ಬ ಓದಿ ಹೇಳಿದರೆ ಸಾಕು.

ಪ್ರದರ್ಶನಕ್ಕೆ ದೊಡ್ಡ ಹಣ ಬೇಡ. ಒಂದು ತ್ರಾಸು, ಗುಲಗಂಜಿ ತುಂಬಿದ ಬಟ್ಟಲು, ಒರೆಗಲ್ಲು, ಮಣ್ಣಿನ ಮೂಸೆ, ತಿದಿ. ಊರ ಕಮ್ಮಾರರಿಂದ ಒಂದು ಜೊತೆ ಉಕ್ಕಿನ ಅಚ್ಚು ಮಾಡಿಸಿ ತವರದ ಬಿಲ್ಲೆಯ ಮೇಲೆ ಮಕ್ಕಳೇ ಹೊಡೆದು ಒಯ್ಯುವಂತೆ ಇಡಬಹುದು. ಆದರೆ ಆ ಬಿಲ್ಲೆಯ ಒಂದು ಬದಿಯಲ್ಲಿ 'ಮಾದರಿ' ಎಂದು ಕೊರೆದಿರಲೇಬೇಕು. ಹಾಗೆ ಮಾಡದಿದ್ದರೆ ಆರು ತಿಂಗಳಲ್ಲಿ ಅದೇ ಅಚ್ಚಿನ ನಕಲಿ ಸಂತೆಗೆ ಬರುತ್ತದೆ. ಮಲಬಾರು, ತಿರುವಾಂಕೂರು ಕಡೆ ಪುಟ್ಟ ಹಣಗಳನ್ನು ಎಣಿಸಲು ಗುಳಿಗಳಿರುವ ಮರದ ಹಲಗೆ ಬಳಸುತ್ತಿದ್ದರು. ಮೇಲೆ ಹಣ ಸುರಿದು ಅಲ್ಲಾಡಿಸಿದರೆ ಗುಳಿಗೊಂದು ಕೂರುತ್ತದೆ, ಮಿಕ್ಕದ್ದನ್ನು ಸವರಿ ತೆಗೆದರೆ ಎಣಿಕೆ ಮುಗಿಯಿತು. ಅಂಥ 100 ಗುಳಿಯ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿ, ಅದು ಎಲ್ಲಿಯದೆಂದು ಬರೆದು, ಹಿತ್ತಾಳೆ ಮಣಿಗಳ ಜೊತೆ ಇಟ್ಟುಬಿಡಿ. ಬೇರೆ ಗೈಡು ಬೇಕಾಗದು.

ಕತೆಯ ಕೊನೆಯನ್ನು ಎರಡು ಸಾಲಲ್ಲಿ ಹೇಳಿದರೆ ಸಾಕು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, 1818ರಲ್ಲಿ ಮದ್ರಾಸು ಸರ್ಕಾರ ವರಹವನ್ನು ಕೈಬಿಟ್ಟು 100 ವರಹಕ್ಕೆ 350 ರೂಪಾಯಿಯಂತೆ ಲೆಕ್ಕ ಬದಲಿಸಿತು, 1835ರ ಕಾಯ್ದೆ ಕಂಪನಿಯ ಎಲ್ಲ ಸೀಮೆಗಳಿಗೂ 180 ಗ್ರೇನಿನ ಒಂದೇ ರೂಪಾಯಿ ತಂದಿತು.

ಫಲಕಗಳು ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ನಾಲ್ಕರಲ್ಲೂ ಇರಲಿ. ಕನ್ನಡದ ಪಾಠವನ್ನು ಇಂಗ್ಲಿಷಿನಿಂದ ಯಂತ್ರದ ಕೈಯಲ್ಲಿ ತಿರುಗಿಸಬೇಡಿ. ಅದು ವರಹವನ್ನು ಇಂಗ್ಲಿಷಿನ ಹೆಸರಿನಂತೆ 'ಪಗೋಡ' ಎಂದು ಬರೆಯುತ್ತದೆ, ನಮ್ಮ ಮಕ್ಕಳು ಬೌದ್ಧ ಗುಡಿ ಎಂದುಕೊಳ್ಳುತ್ತಾರೆ. ವರಹ, ಹೊನ್ನು, ಹಣ, ಅಡ್ಡ, ಹಾಗ, ವೀಸ, ಟಂಕಸಾಲೆ, ಕಮ್ಮಟ, ಚಿನಿವಾರ ಈ ಮಾತುಗಳು ನಮ್ಮಲ್ಲಿವೆ. ಕರಡು ತಯಾರಾದಾಗ ಕಳಿಸಿಕೊಟ್ಟರೆ ಒಂದು ವಾರದೊಳಗೆ ತಿದ್ದಿ ಮರಳಿಸುತ್ತೇವೆ, ಅದಕ್ಕೆ ಕೂಲಿ ಬೇಡ. ಊರ ಹೆಸರನ್ನು ಕನ್ನಡದಲ್ಲಿ 'ಆದವಾನಿ' ಎಂದೇ ಬರೆಸಿ, 'ಅಡೋನಿ' ಎಂದಲ್ಲ.

ಇಂತಿ,
ಆದವಾನಿ, ಗುತ್ತಿ, ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ನಾಣ್ಯಾಭ್ಯಾಸಿಗಳು